ಆ ಕಡಲತೀರದಲ್ಲಿ ಆಯಮ್ಮನ ಚಳಿಗಾಲ

ಕಳೆದ ವಾರ ಸಕಲೇಶಪುರದ ಸಾಬರ ಅಂಗಡಿಯಿಂದ ಖರ್ಜೂರ ತಂದಿದ್ದೆ. ಪೊಟ್ಟಣ ಕಟ್ಟಿದ್ದು ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ. ಖರ್ಜೂರದ ಅಂಟು ಹತ್ತಿ ಒದ್ದೆಯಾದ ಆ ಹಾಳೆಯಲ್ಲಿ ಒಂದು ಚಿತ್ರವಿತ್ತು. ಕಡಲು, ಕಲ್ಲು ಹಾಸಿದ ದಾರಿ, ಕೊಡೆ ಹಿಡಿದ ಹೆಂಗಸರು. ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಚಳಿಗಾಲವನ್ನು ಹೇಗೆ ಕಳೆಯಬಹುದು ಎಂದು ಮೇಲೆ ದಪ್ಪ ಅಕ್ಷರ. ಬೆಳಿಗ್ಗೆ ಬಿಸಿಲಿನಲ್ಲಿ ಅಡ್ಡಾಡಬಹುದು, ಕಿತ್ತಳೆ ಮರಗಳ ಕೆಳಗೆ ಕುಳಿತು ಬ್ಯಾಂಡು ಕೇಳಬಹುದು, ಕತ್ತೆಯೇರಿ ಗುಡ್ಡದ ಹಳ್ಳಿಗಳಿಗೆ ಹೋಗಬಹುದು, ಹೂವಿನ ಹಬ್ಬದ ದಿನ ಒಬ್ಬರ ಮೇಲೊಬ್ಬರು ಹೂ ಎರಚಬಹುದು...

ಹಾಳೆಯನ್ನು ಮುದ್ದೆ ಮಾಡಿ ಒಲೆಗೆ ಹಾಕಿದೆ. ಖರ್ಜೂರ ನೆಲದ ಮೇಲೆ ಚೆಲ್ಲಿತು. ಸೊಸೆ ಓಡಿ ಬಂದಳು.

"ಏನ್ ಮಾವ, ಕಾಗದದ ಮೇಲೆ ಇಷ್ಟೊಂದು ಸಿಟ್ಟಾ? ಅದೇನ್ ಮಾಡ್ತು ನಿಮ್ಗೆ?"

ಅವಳಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹತ್ತೊಂಬತ್ತನೆಯ ಶತಮಾನ ಮುಗಿಯುತ್ತಾ ಬಂದಿದ್ದ ಕಾಲ. ಹೊಂಗಡಹಳ್ಳದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಲೆಕ್ಕಪತ್ರ ಬರೆಯುವ ರೈಟರ್ ಆಗಿದ್ದೆ. ಹೈಸ್ಕೂಲು ಮುಗಿಸಿದ್ದೆ, ಇಂಗ್ಲಿಷ್ ಬರುತ್ತಿತ್ತು, ಆದ್ದರಿಂದ ನನ್ನ ತಲೆಗೆ ಜಂಬ ಏರಿತ್ತು. ಅಲ್ಲಿನ ಬಂಗಲೆಯಲ್ಲಿ ದೊರೆಯ ಮಗುವನ್ನು ನೋಡಿಕೊಳ್ಳಲು ಒಬ್ಬ ಆಯಾ ಇದ್ದಳು. ಎಲ್ಲರ ಬಾಯಲ್ಲೂ ಆಯಮ್ಮ. ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದ ಕ್ರೈಸ್ತರ ಮನೆಯವಳು. ಗಂಡ ಮಂಗಳೂರಿನ ಹೆಂಚಿನ ಕಾರ್ಖಾನೆಯಲ್ಲಿದ್ದ. ಒಬ್ಬಳೇ ಮಗಳು, ತಾಯಿಯ ಜೊತೆಯಲ್ಲೇ ಎಸ್ಟೇಟಿನ ಆಳುಗಳ ಲೈನಿನಲ್ಲಿ ಬೆಳೆದವಳು. ಆಯಮ್ಮನ ನಾಲಿಗೆ ಬಲು ಹರಿತ. ಮಗು ಹಟ ಮಾಡಿದರೆ ಕೊಂಕಣಿಯಲ್ಲಿ ಬೈಯುತ್ತಾ ತೊಟ್ಟಿಲು ತೂಗುತ್ತಿದ್ದಳು. ದೊರೆಸಾನಿ ಅದನ್ನು ಜೋಗುಳವೆಂದು ತಿಳಿದು ಕಣ್ಣು ಮುಚ್ಚಿ ತಲೆದೂಗುತ್ತಿದ್ದಳು. ನಾವು ಅಡಿಗೆಮನೆಯ ಹಿಂದೆ ನಿಂತು ನಗುತ್ತಿದ್ದೆವು.

ದೊರೆಸಾನಿಗೆ ಬರುತ್ತಿದ್ದ ಕನ್ನಡವೆಂದರೆ ತಾ, ಹೋಗು, ಬಿಸಿನೀರು, ಇಷ್ಟೇ. ಉಳಿದದ್ದನ್ನೆಲ್ಲ ನಾನು ಹೇಳಬೇಕು. ಆ ಕೆಲಸದಲ್ಲಿ ನನಗೊಂದು ಅಭ್ಯಾಸ ಬೆಳೆದಿತ್ತು. ಅತ್ತಲಿಂದ ಬಂದ ಮಾತಿನ ಮುಳ್ಳು ತೆಗೆದು, ಒಂದಿಷ್ಟು ಬೆಲ್ಲ ಸವರಿ ಇತ್ತ ದಾಟಿಸುತ್ತಿದ್ದೆ. ದೊರೆ 'ಕತ್ತೆಗಳು' ಎಂದರೆ ನಾನು 'ಸ್ವಲ್ಪ ಬೇಗ ಕೈ ಆಡಿಸಬೇಕಂತೆ' ಎನ್ನುತ್ತಿದ್ದೆ. ದೊರೆ 'ನೋಡೋಣ' ಎಂದರೆ ನಾನು 'ಆಗಲಿ ಎಂದರು' ಎನ್ನುತ್ತಿದ್ದೆ. ಆಳುಗಳ ಬೈಗುಳ ನನ್ನ ಬಾಯಲ್ಲಿ ದೊರೆಗೆ ನಮಸ್ಕಾರವಾಗುತ್ತಿತ್ತು. ಎರಡು ಕಡೆಯವರೂ ನನ್ನನ್ನು ಒಳ್ಳೆಯವನೆಂದರು. ನಾನೂ ಹಾಗೆಯೇ ನಂಬಿದೆ. ಈಗ ಯಾರಾದರೂ ನನ್ನನ್ನು ಒಳ್ಳೆಯವನೆಂದರೆ ಎದ್ದು ಕಪಾಳಕ್ಕೆ ಬಾರಿಸೋಣವೆನ್ನಿಸುತ್ತದೆ.

ಆ ಮಳೆಗಾಲದಲ್ಲಿ ದೊರೆಯ ಮಗುವಿಗೆ ಕೆಮ್ಮು ಹಿಡಿದು ಬಿಡಲಿಲ್ಲ. ಈ ಗುಡ್ಡದಲ್ಲಿ ಇಟ್ಟುಕೊಳ್ಳಬೇಡಿ, ಇಂಗ್ಲೆಂಡಿನ ಚಳಿಯೂ ಬೇಡ, ಮೆಡಿಟರೇನಿಯನ್ ಸಮುದ್ರದ ದಡದಲ್ಲಿ ಚಳಿಗಾಲ ಕಳೆಯಲಿ ಎಂದು ಡಾಕ್ಟರು ಹೇಳಿದರಂತೆ. ದೊರೆಸಾನಿ ಒಂದು ಪ್ರವಾಸದ ಪುಸ್ತಕ ತರಿಸಿದಳು. ಆಯಮ್ಮನೂ ಜೊತೆಗೆ ಹೊರಡಬೇಕು. ಅವಳನ್ನು ಒಪ್ಪಿಸಲು ಜಗಲಿಗೆ ನನ್ನನ್ನು ಕರೆದರು.

ನಾನು ಪುಸ್ತಕ ಹಿಡಿದು ಅಲ್ಲಿ ಏನೇನು ಮಾಡಬಹುದೆಂದು ಕನ್ನಡದಲ್ಲಿ ಹೇಳಿದೆ. ಬಿಸಿಲು, ಕಿತ್ತಳೆ, ಬ್ಯಾಂಡು, ಹೂವು. ಪುಸ್ತಕದಲ್ಲಿ ಇಲ್ಲದ್ದನ್ನೂ ಸೇರಿಸಿದೆ.

"ಅದೆಲ್ಲ ಇರ್ಲಿ ರೈಟರೇ," ಎಂದಳು ಆಯಮ್ಮ. "ಈಸ್ಟರ್ ಕಳೀತಿದ್ದಂಗೆ ಮಗಳ ಮದ್ವೆ ಐತೆ. ಅಷ್ಟ್ರೊಳ್ಗೆ ನಾನು ಇಲ್ಲಿರ್ಬೇಕು. ಅದೊಂದನ್ನ ಕೇಳಿ."

ಅವರಲ್ಲಿ ಮದುವೆಯ ಹಿಂದಿನ ಸಂಜೆ ರೋಸ್ ಎಂಬ ಶಾಸ್ತ್ರವಿದೆ. ಹೆಣ್ಣಿಗೆ ತೆಂಗಿನಹಾಲು ಹಚ್ಚಿ ನೀರೆರೆಯುತ್ತಾರೆ, ತವರಿನ ಕೊನೆಯ ಸ್ನಾನವೆಂದು. ತಾಯಿ ಮೊದಲು ಹಚ್ಚಬೇಕು, ಆಮೇಲೆ ಉಳಿದವರು. ಮಗಳು ಹುಟ್ಟಿದ ದಿನದಿಂದ ಆಯಮ್ಮ ಆ ಸಂಜೆಗೆ ಕಾದಿದ್ದಳು. ಇದನ್ನು ನಾನು ದೊರೆಸಾನಿಗೆ ಹೇಳಿದೆ. ಚೆನ್ನಾಗಿಯೇ ಹೇಳಿದೆ.

ದೊರೆಸಾನಿ ಹೇಳಿದ್ದು ಇಷ್ಟು: ಚಳಿಗಾಲ ಮುಗಿದರೆ ನಾವು ಇಂಗ್ಲೆಂಡಿಗೆ ಹೋಗುತ್ತೇವೆ, ಅಲ್ಲಿ ಇವಳು ನಮಗೆ ಬೇಕಾಗುವುದಿಲ್ಲ. ಇಂಡಿಯಾಕ್ಕೆ ಹೊರಟ ಯಾವುದಾದರೂ ಸಂಸಾರಕ್ಕೆ ಆಯಾ ಬೇಕಿದ್ದರೆ ಅವರ ಜೊತೆ ಬರುತ್ತಾಳೆ. ಯಾವಾಗ ಎಂದು ನಾನು ಮಾತು ಕೊಡಲಾರೆ.

ನಾನು ಆಯಮ್ಮನ ಕಡೆ ತಿರುಗಿದೆ. "ಚಳಿಗಾಲ ಮುಗಿದ ತಕ್ಷಣ ನಿನ್ನ ಹಡಗು ಹತ್ತಿಸ್ತಾರಂತೆ ಆಯಮ್ಮ. ಈಸ್ಟರಿಗೆ ಮುಂಚೆ ಮನೇಲಿರ್ತೀಯ."

ಯಾಕೆ ಹಾಗೆ ಹೇಳಿದೆ? ಅವಳು ಒಪ್ಪದಿದ್ದರೆ ದೊರೆಗೆ ನನ್ನ ಮೇಲೆ ಬೇಸರ. ಅಷ್ಟೇ. ಹೇಗೋ ಬಂದುಬಿಡುತ್ತಾಳೆ ಬಿಡು ಎಂದುಕೊಂಡೆ...

ದೊರೆಸಾನಿ, ಮಗು, ಆಯಮ್ಮ ಕೂತ ಗಾಡಿ ಘಟ್ಟ ಇಳಿಯಿತು; ದೊರೆ ಎಸ್ಟೇಟಿನಲ್ಲೇ ಉಳಿದ. ಕಾಫಿ ಕೊಯ್ಲು ಮುಗಿಯಿತು, ಕಾಫಿ ಗಿಡ ಹೂಬಿಡಿಸುವ ಹೂಮಳೆ ಬಿತ್ತು. ಈಸ್ಟರ್ ಹತ್ತಿರವಾದರೂ ಆಯಮ್ಮ ಬರಲಿಲ್ಲ. ದೊರೆಯನ್ನು ಕೇಳಿದರೆ, ಅವಳು ಅಲ್ಲೇ ಇದ್ದಾಳೆ, ಮಳೆಗಾಲ ಕಳೆದ ಮೇಲೆ ಯಾರಾದರೂ ಇತ್ತ ಹೊರಟರೆ ಬರುತ್ತಾಳೆ ಎಂದು ಸಿಗಾರು ಹಚ್ಚಿದ.

ಆಯಮ್ಮನ ಮಗಳು ನಾನು ಕೂರುತ್ತಿದ್ದ ಎಸ್ಟೇಟಿನ ಸ್ಟೋರಿನ ಬಾಗಿಲಿಗೆ ಬಂದು ನಿಂತಳು. "ಅವ್ವ ಯಾಕ್ ಬರ್ಲಿಲ್ಲ ರೈಟರಣ್ಣ? ಗಂಡಿನ ಕಡೆಯೋರು ಇನ್ನು ಕಾಯಲ್ಲ ಅಂತವ್ರೆ."

ನಿಜ ಹೇಳಿದರೆ ಹುಡುಗಿ ದೊರೆಯ ಮುಂದೆ ಹೋಗಿ ಅಳುತ್ತಾಳೆ, ಕೊಟ್ಟ ಮಾತೆಲ್ಲಿ ಎಂದು ಕೇಳುತ್ತಾಳೆ, ನನ್ನ ಬೆಲ್ಲ ಹೊರಬೀಳುತ್ತದೆ. ಆದ್ದರಿಂದ ಹೇಳಿದೆ: "ನಿಮ್ಮವ್ವನೇ ಇನ್ನೊಂದಿಷ್ಟು ದಿನ ಇರ್ತೀನಿ ಅಂದ್ಲಂತೆ ಕಣಮ್ಮ. ಆ ಕಡಲು, ಆ ಊರು ಒಗ್ಗಿಬಿಡ್ತಂತೆ."

ಹುಡುಗಿ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ, "ಹಂಗಾರೆ ಇರ್ಲಿ ಬಿಡಿ," ಎಂದು ಹೋದಳು.

ಮದುವೆ ನಡೆಯಿತು. ಅವಳ ದೊಡ್ಡಮ್ಮ ಮೊದಲ ತೆಂಗಿನಹಾಲು ಹಚ್ಚಿದಳು. ನಾನೂ ಹೋಗಿದ್ದೆ. ಊಟ ಮಾಡಿ, ಎಲೆಅಡಿಕೆ ಹಾಕಿಕೊಂಡು ಬಂದೆ. ಬರೆಯಲು ಕೈ ಹೇಸುತ್ತದೆ, ಆದರೆ ಊಟ ರುಚಿಯಾಗಿತ್ತು. ಹುಡುಗಿ ಗಂಡನ ಜೊತೆ ಯಸಳೂರಿಗೆ ಹೋದಳು.

ಆಯಮ್ಮ ಬಂದದ್ದು ಮುಂದಿನ ಕೊಯ್ಲಿನ ಹೊತ್ತಿಗೆ. ಕಾಫಿ ಕಣದಲ್ಲಿ ಹಣ್ಣು ಹರಡುತ್ತಿದ್ದೆವು. ಅರ್ಧ ಆಗಿ ಹೋಗಿದ್ದಳು, ಕೈಯ ಚರ್ಮ ಸುಣ್ಣದಲ್ಲಿ ಅದ್ದಿದ ಹಾಗೆ ಒಡೆದಿತ್ತು. ಆಳುಗಳೆಲ್ಲ ಸುತ್ತ ಸೇರಿದರು. ಮೇಸ್ತ್ರಿಗೆ ತಮಾಷೆ.

"ಬಾರಮ್ಮ ದೊರೆಸಾನಿ! ಚಳಿಗಾಲ್ದಲ್ಲಿ ಏನೇನ್ ಮಾಡ್ದೆ ಸೀಮೇಲಿ? ನಮ್ಗೂ ಒಸಿ ಹೇಳು."

"ಹೇಳ್ತೀನಿ ಕೇಳು ಮಾರಾಯ," ಎಂದಳು. "ಬೆಳಿಗ್ಗೆ ಕಡಲ ದಾರೀಲಿ ಅಡ್ಡಾಡೋದು. ಮಗು ಗಾಡೀಲಿ, ನಾನು ತಳ್ಕೊಂಡು. ಬೆಂಚಿನ್ ಮೇಲೆ ನಾನು ಕೂರಂಗಿಲ್ಲ. ಆಮೇಲೆ ಬ್ಯಾಂಡ್ ಕೇಳೋದು. ನನ್ ಸೀರೆ ನೋಡಕ್ಕೆ ಜನ ಬ್ಯಾಂಡಿಗೆ ಬೆನ್ನು ಹಾಕ್ತಿದ್ರು. ಕತ್ತೆ ಮೇಲೆ ಗುಡ್ಡಕ್ಕೆ ಹೋಗೋದೈತೆ. ಮಗು ಕತ್ತೆ ಮೇಲೆ, ಔಷಧಿ ಬುಟ್ಟಿ ಹೊತ್ಕೊಂಡು ಕತ್ತೆ ಹಿಂದೆ ಇನ್ನೊಂದು ಕತ್ತೆ, ನಾನು. ಹೂವಿನ ಹಬ್ಬ ಆಯ್ತಾ, ರಾತ್ರಿಯೆಲ್ಲ ಆ ಮಗುಗೆ ಕೆಮ್ಮು. ಬೇಸಿಗೆ ಬಂದೇಟಿಗೆ ಆ ಊರೇ ಬಾಗ್ಲು ಹಾಕ್ಕೊಂಡು ಹೋಗ್ಬುಡ್ತದೆ ಕಣೋ. ದೊರೆಸಾನೀನೂ ಹೋದ್ಲು. ನಾನು ಹೋಟ್ಲಿನ ದುಪಟಿ ಒಗೀತಾ ಕೂತೆ, ಇತ್ಲಾಗೆ ಬರೋ ಸಂಸಾರ ಸಿಗೋ ತನ್ಕ."

ಯಾರೂ ನಗಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ರೈಟರೇ, ಆವತ್ತು ಜಗಲೀಲಿ ದೊರೆಸಾನಿ ಏನಂದಿದ್ಲು? ಇನ್ನೊಂದ್ಸಲ ಹೇಳಿ."

"ಅವತ್ತು ಹೇಳಿದ್ದೇ," ಎಂದೆ. "ಚಳಿಗಾಲ ಮುಗಿದ ತಕ್ಷಣ ಕಳಿಸ್ತೀನಿ ಅಂದ್ರು. ಅವರೇ ಮಾತು ತಪ್ಪಿದ್ರು."

"ಥೂ," ಎಂದಳು. "ಒಂದು ಚಳಿಗಾಲವೆಲ್ಲ ಅವ್ಳ ಜೊತೆ ಇದ್ದು ಅವ್ಳ ಮಾತು ನಂಗೂ ಅಷ್ಟಿಷ್ಟು ಬಂತು ಕಣ್ರೀ. ಅವ್ಳು ಹೊರಟ ದಿನ ನಾನೇ ಕೇಳ್ದೆ. 'ನಿಮ್ಮ ರೈಟರ್‌ಗೆ ಆವತ್ತೇ ಸ್ಪಷ್ಟವಾಗಿ ಹೇಳಿದ್ನಲ್ಲ' ಅಂದ್ಲು. ಅವ್ಳು ಕಲ್ಲು. ಕಲ್ಲು ಅಂತ ಗೊತ್ತಿದ್ರೆ ನಾನು ಹೊರಡ್ತಿರ್ಲಿಲ್ಲ. ನೀವು ಅದ್ನ ಹಣ್ಣು ಅಂತ ಕೈಲಿಟ್ರಿ."

ನಾನು ಕಾಫಿ ಹಣ್ಣನ್ನು ನೋಡುತ್ತಾ ನಿಂತೆ. ಅವಳು ಮುಂದುವರಿಸಿದಳು. "ಬರ್ತಾ ಯಸಳೂರಿಗೆ ಹೋಗಿದ್ದೆ. ಮಗಳು ಒಳಗೆ ಬಾ ಅನ್ಲಿಲ್ಲ. ಕಡಲು ಹೆಚ್ಚಾಯ್ತಲ್ಲ, ಅಲ್ಲೇ ಇರು ಅಂದ್ಲು. ಅದ್ನ ಹೇಳ್ಕೊಟ್ಟೋರು ನೀವೇ ಅಂತೆ. ನಂಗೆ ಬೇರೇನೂ ಬೇಡ. ಭಾನುವಾರ ಬನ್ನಿ. ಅವ್ಳ ಮುಂದೆ ನಿಂತು ಸತ್ಯ ಹೇಳಿ."

ಬರುತ್ತೇನೆ ಎಂದೆ. ಹೋಗಲಿಲ್ಲ. ಕೊಯ್ಲು ಎಂದೆ, ಚಿಗುರು ತೆಗೆಯುವ ಕಾಲ ಎಂದೆ, ಮಳೆ ಎಂದೆ. ದೊರೆಗೆ ತಿಳಿದರೆ ಕೆಲಸ ಹೋಗುತ್ತದೆಂಬ ಭಯ. ಆಯಮ್ಮ ಬಂಗಲೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ಭಾನುವಾರ ಚರ್ಚಿನ ಪೂಜೆ ಮುಗಿಸಿ ಸ್ಟೋರಿನ ಎದುರು ಬಂದು ನಿಲ್ಲುತ್ತಿದ್ದಳು. ನಾನು ಒಳಗೆ ಮೂಟೆಗಳ ಹಿಂದೆ ಏನೋ ಹುಡುಕುವವನಂತೆ ಇರುತ್ತಿದ್ದೆ. ಒಂದು ಭಾನುವಾರ ಬರಲಿಲ್ಲ. ಗಂಡನ ಬಳಿಗೆ ಘಟ್ಟ ಇಳಿದಳು ಎಂದರು. ನನಗೆ ಹಾಯೆನಿಸಿತು! ಅಂದು ಹಾಗೆ ಹಗುರಾದ ಆ ಯುವಕನ ಕತ್ತು ಹಿಸುಕಬೇಕು ಎನಿಸುತ್ತದೆ ಇಂದಿಗೂ.

ಯಸಳೂರಿಗೆ ಹೋದೆ. ಯಾವಾಗ? ದೊರೆ ಎಸ್ಟೇಟು ಮಾರಿ ಊರು ಬಿಟ್ಟ ಮೇಲೆ, ನಿಜ ಹೇಳಿದರೆ ನನಗೆ ಏನೂ ನಷ್ಟವಿಲ್ಲವೆಂದು ಖಾತ್ರಿಯಾದ ಮೇಲೆ. ಮಗಳು ಅಂಗಳದಲ್ಲಿ ಮೆಣಸು ಒಣಗಿಸುತ್ತಿದ್ದಳು. ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಮೊದಲ ಸಲ ಏನೂ ಸೇರಿಸದೆ, ಏನೂ ತೆಗೆಯದೆ.

ಅವಳು ಕೈ ನಿಲ್ಲಿಸದೆ ಕೇಳಿದಳು. ಕೊನೆಗೆ ತಲೆಯೆತ್ತಿದಳು.

"ಅವ್ವ ಹೋದ ಮಳೆಗಾಲ್ದಲ್ಲಿ ತೀರ್ಕಂಡ್ಲು. ಸುದ್ದಿ ಬಂತು. ನಾನು ಹೋಗ್ಲಿಲ್ಲ."

ನಾನು ಏನೋ ಹೇಳಲು ಬಾಯಿ ತೆರೆದೆ.

"ಸಾಕು ಸುಮ್ನಿರಿ. ಇಷ್ಟು ದಿನ ಅವ್ಳ ಮೇಲೆ ಸಿಟ್ಟು ಇಟ್ಕಂಡು ಹೆಂಗೋ ಬದುಕಿದ್ದೆ. ಈಗ ಅದ್ನ ಎಲ್ಲಿಡ್ಲಿ ಹೇಳಿ? ನಿಮ್ ಮೇಲಾ? ನೀವು ನಂಗೇನಾಗ್ಬೇಕು?"

ಕೂರಲು ಹೇಳಲಿಲ್ಲ, ಹೋಗಲೂ ಹೇಳಲಿಲ್ಲ. ಮೆಣಸನ್ನು ಮತ್ತೆ ಹರಡತೊಡಗಿದಳು. ನಾನೇ ಬಂದುಬಿಟ್ಟೆ.

ಆ ದೊರೆಸಾನಿಯ ಮೇಲೆ ನನಗೆ ಸಿಟ್ಟಿದೆ. ಒಬ್ಬ ತಾಯಿಯನ್ನು ಹರಿದ ಕೊಡೆಯ ಹಾಗೆ ಹೋಟೆಲಿನಲ್ಲಿ ಬಿಟ್ಟು ಹೋದವಳು. ಆದರೆ ಆಕೆ ತಾನು ಮಾಡುವುದನ್ನು ಮೊದಲೇ ಹೇಳಿದ್ದಳು. ಮುಚ್ಚಿಟ್ಟವನು ನಾನು. ಆಯಮ್ಮನನ್ನು ಹೂಳಿದ ಜಾಗವನ್ನು ನಾನು ನೋಡಿಲ್ಲ. ಈ ಮೊಣಕಾಲಿನಲ್ಲಿ ಇನ್ನು ಘಟ್ಟ ಇಳಿಯುವುದೂ ಇಲ್ಲ. ಕ್ಷಮೆ ಕೇಳಬೇಕಾದವಳು ಅಲ್ಲಿ ಮಣ್ಣಾಗಿದ್ದಾಳೆ...

ಮಗಳು ಇದ್ದಾಳೆ. ಅವಳಿಗೂ ತಲೆ ನೆರೆತಿದೆ. ಸಂತೆಯಲ್ಲಿ ಒಮ್ಮೊಮ್ಮೆ ಎದುರಾಗುತ್ತಾಳೆ. ಮುಖ ತಿರುಗಿಸುವುದಿಲ್ಲ, ನಿಂತು ನನ್ನನ್ನು ನೇರವಾಗಿ ನೋಡುತ್ತಾಳೆ. ನಾನು ತರಕಾರಿಯ ಬೆಲೆ ಕೇಳುವ ನೆಪದಲ್ಲಿ ಆಚೆ ತಿರುಗುತ್ತೇನೆ. ಮತ್ತೆ ಈಚೆ ತಿರುಗುವಷ್ಟರಲ್ಲಿ ಅವಳು ಹೋಗಿರುತ್ತಾಳೆ.