ತೋಡು ದಾಟಿದ ಚೆಂಡು

ಗಾಲ್ಫ್ ಆಟವನ್ನು ನಾನು ಕಲಿತದ್ದು ಐವತ್ತರ ದಶಕದ ಕೊನೆಯಲ್ಲಿ, ಸುಳ್ಯದ ಹತ್ತಿರದ ಒಂದು ರಬ್ಬರ್ ತೋಟದಲ್ಲಿ ಗುಮಾಸ್ತನಾಗಿದ್ದಾಗ. ತೋಟದ ಮ್ಯಾನೇಜರರು ಆ ಹುಚ್ಚನ್ನು ಮಡಿಕೇರಿಯಿಂದ ಅಂಟಿಸಿಕೊಂಡು ಬಂದವರು. ಬಂಗಲೆಯ ಹಿಂದಿನ ಪದವಿನಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲಿನಲ್ಲಿ, ಹುಲ್ಲು ಕೊಯ್ಸಿ ನಾಲ್ಕು ಕುಳಿ ತೆಗೆಸಿದ್ದರು. ಜೊತೆಗೆ ಆಡಲು ಜನ ಬೇಕಲ್ಲ, ನನ್ನ ಕೈಗೂ ಒಂದು ಕೋಲು ಬಂತು. ಸಣ್ಣ ಹೊಡೆತಗಳಲ್ಲಿ ಮೊದಲ ತಿಂಗಳಲ್ಲೇ ಅವರನ್ನು ಮೀರಿಸಿದೆ. ಇದನ್ನು ಹೇಳಲು ನನಗೆ ಸಂಕೋಚವಿಲ್ಲ. ಆದರೆ ಕೊನೆಯ ಕುಳಿಯ ದಾರಿಗೆ ಅಡ್ಡವಾಗಿ ಒಂದು ತೋಡು ಹರಿಯುತ್ತಿತ್ತು. ನನ್ನ ಚೆಂಡು ಪ್ರತಿ ಸಲ ಅದರ ನೀರಿಗೇ ಬೀಳುತ್ತಿತ್ತು.

ಅಷ್ಟರಲ್ಲಿ ಮಡಿಕೇರಿಯವರ ಜೊತೆ ಪಂದ್ಯ ನಿಗದಿಯಾಯಿತು. ನಮ್ಮ ಕಡೆಯಿಂದ ನಾಲ್ವರು ಬೇಕು, ನನ್ನನ್ನು ಬಿಟ್ಟರೆ ಇದ್ದವರು ಮೂವರು.

"ಪಂದ್ಯದ ಮೊದಲು ಒಮ್ಮೆ ಚೆಂಡನ್ನು ತೋಡು ದಾಟಿಸು, ನಾಲ್ಕನೆಯವನು ನೀನೇ. ಇಲ್ಲದಿದ್ದರೆ ಕೋಲಿನ ಚೀಲ ಹೊತ್ತುಕೊಂಡು ಬಾ" ಅಂದರು ಮ್ಯಾನೇಜರರು.

ಚೀಲದ ಮಾತು ಚುಚ್ಚಿತು. ತೋಳಿನಲ್ಲಿ ಬಲ ಸಾಲದು ಎಂದು ನಾನೇ ತೀರ್ಮಾನಿಸಿ, ಪ್ರತಿ ಭಾನುವಾರ ಪುತ್ತೂರಿನ ವ್ಯಾಯಾಮ ಶಾಲೆಗೆ ಬಸ್ಸು ಹಿಡಿದೆ. ಅದು ಅಡಿಕೆ ಗೋದಾಮಿನ ಹಿಂದಿನ ಕೋಣೆ. ಗೋದಾಮಿನ ಯಜಮಾನರಾದ ಬ್ಯಾರಿ ಸಾಹೇಬರೇ ಅಲ್ಲಿ ಕಸರತ್ತು ಕಲಿಸುವ ಉಸ್ತಾದರು. ಹತ್ತು ದಂಡ ಹೊಡೆದರೆ ಬುಟ್ಟಿಗೆ ಒಂದು ಅಡಿಕೆ ಹಾಕಬೇಕು, ಅದೇ ಲೆಕ್ಕ.

"ಎಂತ ಆಟ ಅದು? ಚೆಂಡನ್ನು ದೂರ ಹೊಡೆದು ಮತ್ತೆ ನೀವೇ ಹುಡುಕಿಕೊಂಡು ಹೋಗುದಾ?" ಎಂದು ನಾನು ಬಂದ ಕಾರಣ ತಿಳಿದು ಉಸ್ತಾದರು ಕೇಳಿದರು.

"ಹೌದು."

"ನಾಯಿಯಾದರೂ ಉಂಟಾ ಜೊತೆಗೆ?"

ಮೂರು ತಿಂಗಳಲ್ಲಿ ಅಂಗಿಯ ತೋಳು ಬಿಗಿಯಾಯಿತು. ಎಲ್ಲರಿಗೂ ಕಾಣುವ ಹಾಗೆ ಅದನ್ನು ಮಡಚಿಕೊಂಡು ಪದವಿನಲ್ಲಿ ನಿಂತು ಕೋಲು ಬೀಸಿದರೆ, ಚೆಂಡು ತೋಡಿನವರೆಗೂ ಹೋಗಲಿಲ್ಲ. ಗುಡ್ಡ ಅಗೆದು ಇಲಿ ಹಿಡಿದ ಹಾಗಾಯಿತು. ಆ ಭಾನುವಾರ ಉಸ್ತಾದರ ಮೇಲೆ ಸಿಡುಕಿದೆ.

ಅವರು ಸಿಟ್ಟಾಗಲಿಲ್ಲ. ಮೂಲೆಯಲ್ಲಿದ್ದ ಕೊಡೆ ಕೊಟ್ಟು, ಹೇಗೆ ಹೊಡೆಯುದು ತೋರಿಸಿ ಎಂದರು. ತೋರಿಸಿದೆ.

"ಇದು ಹಾವು ಹೊಡೆಯುದು ಮಾರಾಯ್ರೆ. ಬನ್ನಿ ಇಲ್ಲಿ."

ಅಂಗಳದಲ್ಲಿ ಲಾರಿ ನಿಂತಿತ್ತು. ಅದಕ್ಕೆ ಎಸೆಯಬೇಕಾದ ಅಡಿಕೆ ಮೂಟೆಯ ಒಂದು ತುದಿ ಅವರು ಹಿಡಿದರು, ಇನ್ನೊಂದು ನಾನು. ನಾನು ತೋಳಿನಿಂದ ಎತ್ತಿದೆ, ಮೂಟೆ ನನ್ನ ಮೊಣಕಾಲಿಗೇ ಬಡಿಯಿತು.

"ಮೂಟೆ ಕೈಯಲ್ಲಿ ಹೋಗುದಿಲ್ಲ, ಸೊಂಟದಲ್ಲಿ ಹೋಗುದು. ಹಿಮ್ಮಡಿ ಊರಿ, ತಿರುಗಿ, ಬಿಡಿ."

ಅಂದಿನಿಂದ ದಂಡ ಕಡಿಮೆಯಾಯಿತು. ಸೊಂಟ ತಿರುಗಿಸಿ ಮುದ್ಗರ ಬೀಸುವುದು, ಒಂಟಿ ಕಾಲಲ್ಲಿ ಬಸ್ಕಿ, ಕೊನೆಗೆ ಇಪ್ಪತ್ತು ಮೂಟೆ. ಗುಮಾಸ್ತ ಹಮಾಲಿ ಮಾಡುತ್ತಾನೆ ಎಂದು ಊರು ನಕ್ಕಿತು. ನಗಲಿ ಎಂದುಕೊಂಡೆ.

ಪಂದ್ಯಕ್ಕೆ ಎಂಟು ದಿನ ಇರುವಾಗ ಉಸ್ತಾದರನ್ನೂ ಕರೆದುಕೊಂಡು ಪದವಿನ ಕಡೆ ಹೋದೆ. ಹಿಮ್ಮಡಿ ಊರಿದೆ, ತಿರುಗಿದೆ, ಬಿಟ್ಟೆ. ಚೆಂಡು ತೋಡು ದಾಟಿ ಕುಳಿಯ ಬಾವುಟದ ಹತ್ತಿರ ಬಿತ್ತು. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ. ಹೆಂಡತಿಗೆ ಇದು ಗೊತ್ತುಂಟು.

ಉಸ್ತಾದರು ಮುಂಡು ಎತ್ತಿ ಕಟ್ಟಿ, "ನಾನೊಮ್ಮೆ ನೋಡುದಾ?" ಎಂದರು. ಅವರ ಮೊದಲ ಎರಡು ಬೀಸು ಹುಲ್ಲಿಗೇ ಹೋದವು. ಮೂರನೆಯದು ಬಾವುಟವನ್ನೂ ದಾಟಿ ಗೇರುಮರಗಳ ನಡುವೆ ಮಾಯವಾಯಿತು.

ಪಕ್ಕದಲ್ಲಿ ನಿಂತು ನೋಡುತ್ತಿದ್ದ ಮ್ಯಾನೇಜರರು ನನ್ನನ್ನು ಮರೆತೇಬಿಟ್ಟರು. "ಇವರೇ ನಾಲ್ಕನೆಯವರಾಗಲಿ. ಉಳಿದದ್ದನ್ನು ಎಂಟು ದಿನದಲ್ಲಿ ನಾನು ಕಲಿಸುತ್ತೇನೆ" ಅಂದರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

"ಪಂದ್ಯ ಯಾವತ್ತು?" ಉಸ್ತಾದರು ಕೇಳಿದರು.

"ನಾಳೆಯಲ್ಲ, ಮುಂದಿನ ವಾರದ ಸೋಮವಾರ."

"ಸೋಮವಾರ ಪುತ್ತೂರಿನ ಸಂತೆ ಅಲ್ವಾ? ನನಗೆ ಪುರುಸೊತ್ತಿಲ್ಲ. ಇವರು ಹೋಗಲಿ" ಎಂದು ಕೋಲನ್ನು ನನ್ನ ಕೈಗಿಟ್ಟರು.

ಹೋದೆ. ಮಡಿಕೇರಿಯಲ್ಲಿ ನನ್ನ ಮೊದಲ ಹೊಡೆತ ನೋಡಿ ಅಲ್ಲಿಯ ಹಿರಿಯರೊಬ್ಬರು ಹತ್ತಿರ ಬಂದು, ನಿಮ್ಮ ಕಡೆ ಇಷ್ಟು ದೂರ ಹೊಡೆಯುವವರು ಬೇರೆ ಯಾರಾದರೂ ಇದ್ದಾರೆಯೇ ಎಂದು ಕೇಳಿದರು.

"ಇನ್ನೂ ದೂರ ಹೊಡೆಯುವವರು ಒಬ್ಬರಿದ್ದಾರೆ" ಎಂದೆ. "ಈಗ ಸಂತೆಯಲ್ಲಿ ಅಡಿಕೆ ತೂಗುತ್ತಿದ್ದಾರೆ."