ಮಕ್ಕಳಿಂದ ಕಲಿತ ಮರಾಠಿ

ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ನಾವಿದ್ದ ಮರಾಠಿ ಊರಿನಲ್ಲಿ, ಮಾರ್ಕೆಟ್ ಯಾರ್ಡಿನ ಹತ್ತಿರವಿದ್ದ ನಮ್ಮ ಶಾಲೆಯ ಕನ್ನಡ ಹೈಸ್ಕೂಲು ವಿಭಾಗ ಮುಚ್ಚಿತು. ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಒಂಬತ್ತನೇ ತರಗತಿ ತಲುಪುವ ಮೊದಲೇ ಶಾಲೆ ಬಿಡುತ್ತಿದ್ದರು. ಅಲ್ಲಿ ವಿಜ್ಞಾನ ಕಲಿಸುತ್ತಿದ್ದ ನನ್ನನ್ನು ಮುಖ್ಯಾಧ್ಯಾಪಕಿ ಕರೆದು, "ಮರಾಠಿ ವಿಭಾಗದ ಎರಡನೇ ತರಗತಿಗೆ ಯಾರೂ ಇಲ್ಲ, ನೀವು ತಗೊಳ್ಳಿ. ಆದರೆ ವರ್ಷದೊಳಗೆ ಮರಾಠಿ ಪರೀಕ್ಷೆ ಪಾಸಾಗಬೇಕು" ಅಂದರು.

ನನ್ನ ಮರಾಠಿ ಕಾಯಿಪಲ್ಲೆ ಕೊಳ್ಳುವಷ್ಟು, ರಿಕ್ಷಾದವನ ಜೊತೆ ಜಗಳಾಡುವಷ್ಟು ಮಾತ್ರ. ಹಾಗಾಗಿ ಮಕ್ಕಳಿಂದಲೇ ಕಲಿಯತೊಡಗಿದೆ. ಅವರು ಓದುವರು, ನಾನು ಜೊತೆಗೆ ತುಟಿಯಾಡಿಸುವೆ. ಎರಡರ ಮಗ್ಗಿ ಹೇಳುವಾಗ ಎಲ್ಲರೂ "ಬೇ ಏಕೆ ಬೇ" ಅಂದು ಒಮ್ಮೆಲೇ ನಿಲ್ಲುತ್ತಿದ್ದರು. ಎದೆಯುಬ್ಬಿಸಿ ಸರ್ರನೆ ಉಸಿರೆಳೆದು ಮತ್ತೆ "ಬೇ ದುಣೆ ಚಾರ್". ಇಡೀ ತರಗತಿಗೆ ಒಂದೇ ಉಸಿರು. ಮರಾಠಿ ಓದುವ ರೀತಿಯೇ ಹೀಗೇನೋ ಎಂದು ನಾನೂ ಹಾಗೇ ಎಳೆದೆ.

ದೀಪಾವಳಿ ರಜೆಯಲ್ಲಿ ಅಡುಗೆಮನೆಯಲ್ಲಿ ಕೂತು ಓದುತ್ತಿದ್ದೆ. ಯಜಮಾನರು ಬಾಗಿಲಿಗೆ ಬಂದು ನಿಂತರು.

"ಯಾರ ಬಂದಾರ?"

"ಯಾರೂ ಇಲ್ರಿ. ನಾನೇ ಓದಾಕತ್ತೀನಿ."

ಅವರು ಒಳಗೆಲ್ಲ ಕಣ್ಣಾಡಿಸಿದರು. "ನಿನ್ನ ದನಿ ಅಲ್ಲ ಅದು" ಅಂದರು.

ಮರಾಠಿ ವಿಭಾಗ ಬೇರೆ ಪಾಳಿಯದ್ದು, ಅಲ್ಲಿನವರ ಪರಿಚಯ ನನಗಿರಲಿಲ್ಲ. ಶಾಲೆ ಶುರುವಾದ ಮೇಲೆ ಮಕ್ಕಳ ಆ ಉಸಿರಿನ ಬಗ್ಗೆ ಆಯಾಳನ್ನು ಕೇಳಿದೆ. ಹಿಂದಿನ ವರ್ಷ ಇದೇ ಮಕ್ಕಳಿಗೆ ಪಾಠ ಹೇಳಿದ ಬಾಯಿ, ಅಂದರೆ ಟೀಚರು, ಹಾಗೇ ಓದುತ್ತಿದ್ದರಂತೆ. ಬೇಸಿಗೆ ರಜೆಯಲ್ಲಿ ತೀರಿಕೊಂಡರಂತೆ. ಅಂದಿನಿಂದ ಆ ಉಸಿರನ್ನು ಬಿಡಲು ನೋಡಿದೆ. ಬೇಕೆಂದೇ ತಡೆದರೆ ಮುಂದಿನ ಪದವೇ ಹೊರಡುತ್ತಿರಲಿಲ್ಲ. ನಾನು ಒದ್ದಾಡುವಾಗ ಮಕ್ಕಳು ನಗಲಿಲ್ಲ. ಸುಮ್ಮನೆ ನನ್ನ ಬಾಯನ್ನೇ ನೋಡುತ್ತ ಕಾಯುತ್ತಿದ್ದರು.

ಮೌಖಿಕ ಪರೀಕ್ಷೆ ಸದಾಶಿವ ಪೇಠದ ಹಳೆಯ ಕಟ್ಟಡವೊಂದರಲ್ಲಿ. ಪರೀಕ್ಷಕರು ನರೆಗೂದಲಿನ ಒಬ್ಬ ಹೆಂಗಸು. ಪಠ್ಯ ಕೊಟ್ಟು ಓದಲು ಹೇಳಿದರು. ಮೊದಲ ಸಾಲು ಮುಗಿಸಿ ಉಸಿರೆಳೆದೆನೋ ಇಲ್ಲವೋ, ಅವರು ತಟ್ಟನೆ ತಲೆಯೆತ್ತಿದರು.

"ನಿಮಗೆ ಯಾರು ಕಲಿಸಿದ್ದು?"

"ಮಕ್ಕಳು, ಬಾಯಿ."

"ಯಾವ ಶಾಲೆ?"

ಶಾಲೆಯ ಹೆಸರು ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟರು. ಆಮೇಲೆ ಮೆಲ್ಲನೆ ಅಂದರು: "ಅಲ್ಲಿ ನನ್ನ ಅಕ್ಕ ಟೀಚರಾಗಿದ್ದಳು. ಚಿಕ್ಕವಳಿದ್ದಾಗ ನಮ್ಮ ವಾಡೆಯ ಅಂಗಳದ ನೀರಿನ ತೊಟ್ಟಿಯಲ್ಲಿ ಮುಳುಗಿ ಬದುಕಿಕೊಂಡವಳು. ಆವತ್ತಿನಿಂದ ಮಾತಿನ ನಡುವೆ ಹಾಗೆ ಉಸಿರೆಳೆಯುತ್ತಿದ್ದಳು."

ಮುಳುಗುತ್ತಿದ್ದ ಮಗುವೊಂದರ ಉಸಿರನ್ನು ನಾವೆಲ್ಲ ಪಾಠವೆಂದು ಕಲಿತಿದ್ದೆವು.

"ಮುಂದಿನ ಪುಟವನ್ನೂ ಓದಿ" ಅಂದರು. ಅದು ಪರೀಕ್ಷೆಗೆ ಬೇಕಿರಲಿಲ್ಲ. ಅವರು ಕಣ್ಣು ಮುಚ್ಚಿದರು. ನಾನು ಓದಿದೆ. ನಿಲ್ಲಿಸಲು ಹೋದಾಗಲೆಲ್ಲ ಕೈಯೆತ್ತಿ, ಮುಂದೆ, ಮುಂದೆ ಎಂದು ಸನ್ನೆ ಮಾಡಿದರು. ಹೊರಗೆ ಮುಂದಿನವರು ಬಾಗಿಲು ತಟ್ಟಿದ ಮೇಲೆಯೇ ನನ್ನನ್ನು ಬಿಟ್ಟದ್ದು.

ಪಾಸಾದೆ. ಕೆಲಸ ಉಳಿಯಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಹೆಂಗಸು ಶಾಲೆಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ವರಾಂಡದ ಬೆಂಚಿನ ಮೇಲೆ ನಮಗೆ ಬೆನ್ನು ಹಾಕಿ ಕೂತರು. ಮಕ್ಕಳು ಮಗ್ಗಿ ಶುರುಮಾಡಿದರು. ಒಂದೊಂದು ಸಾಲು ಹೇಳಿ ಮಕ್ಕಳು ಉಸಿರೆಳೆದಾಗಲೆಲ್ಲ ಹೊರಗೆ ಆ ಹೆಂಗಸಿನ ಹೆಗಲುಗಳೂ ಮೇಲೇಳುತ್ತಿದ್ದವು, ಇಳಿಯುತ್ತಿದ್ದವು. ಮಗ್ಗಿ ಮುಗಿದ ಮೇಲೆ ನೀರು ತೆಗೆದುಕೊಂಡು ಹೋದೆ. ಬೇಡವೆಂದು ತಲೆಯಾಡಿಸಿ, ನನ್ನ ಗಂಟಲನ್ನು ಬೆರಳ ತುದಿಯಿಂದ ಒಮ್ಮೆ ಮುಟ್ಟಿ, ಎದ್ದು ಹೋದರು.