ಕೂತ ಮಕ್ಕಳನ್ನು ಎಬ್ಬಿಸುವ ಆಯಮ್ಮ

ಬೆಳಗಿನ ಆರೂವರೆ. ಶಿಶುವಿಹಾರದ ಕೋಣೆಯಲ್ಲಿ ಆಯಮ್ಮ ಮಂಡಿಯೂರಿ ಕೂತು ನೆಲಕ್ಕೆ ಬಣ್ಣದ ಟೇಪು ಅಂಟಿಸುತ್ತಿದ್ದಾರೆ. ಕೆಂಪು ಗೆರೆಯ ಮೇಲೆ ತುದಿಗಾಲಲ್ಲಿ ನಡೆಯಬೇಕು, ಹಳದಿ ಚೌಕದಿಂದ ಚೌಕಕ್ಕೆ ಹಾರಬೇಕು. ಸಂಜೆ ಇದನ್ನೆಲ್ಲ ಕಿತ್ತು, ಅಂಟಿನ ಕಲೆ ಉಜ್ಜಬೇಕು. ನೆಲ ಹೊಳೆಯದಿದ್ದರೆ ಆಡಳಿತದವರು ಮುಖ ಗಂಟಿಕ್ಕುತ್ತಾರೆ. ಹನ್ನೊಂದು ವರ್ಷದಿಂದ ಹೀಗೇ ಅಂಟಿಸುವುದು, ಕೀಳುವುದು.

ಅವರ ಕೆಲಸದ ಪಟ್ಟಿಯಲ್ಲಿರುವುದು ಗುಡಿಸುವುದು, ಸಾರಿಸುವುದು, ಮಕ್ಕಳ ಮೂಗು ಒರೆಸುವುದು. ಆದರೆ ಪ್ರತಿ ನಲವತ್ತು ನಿಮಿಷಕ್ಕೊಮ್ಮೆ ಮೇಜುಗಳನ್ನು ಗೋಡೆಗೆ ಸರಿಸಿ, ಇಪ್ಪತ್ತಾರು ಮಕ್ಕಳನ್ನು ಹತ್ತು ನಿಮಿಷ ಕುಣಿಸುವವರೂ ಅವರೇ. ದಿನಕ್ಕೆ ಮೂರು ಸಲ. ಐವತ್ತಮೂರು ವರ್ಷದ ಅವರ ಮಂಡಿ ಕಟಕಟ ಅನ್ನುತ್ತದೆ.

"ಅಜ್ಜಿ, ನಿನ್ನ ಕಾಲು ಮಾತಾಡ್ತಿದೆ!" ಎನ್ನುತ್ತಾಳೆ ಒಬ್ಬಳು.

"ಹೂಂ ಕಣೇ, ನಿನ್ನ ಥರಾನೇ ಬಾಯಿಬಡಕಿ."

ಸೋಮವಾರದಿಂದ ಈ ಕುಣಿಯುವ ಬಿಡುವು ಇಲ್ಲ. ಹೊಸ ವೇಳಾಪಟ್ಟಿಯಲ್ಲಿ ಆ ಮೂರೂ ಜಾಗದಲ್ಲಿ 'ಬರವಣಿಗೆ' ಎಂದಿದೆ. ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಕೇಳಿದರಂತೆ: ನಾಲ್ಕು ತುಂಬಿದರೂ ನಮ್ಮ ಮಗುವಿಗೆ ದಿನಕ್ಕೆ ಅರ್ಧ ಪುಟವೇ? ಪೆನ್ಸಿಲ್ ಹಿಡಿಯುವಷ್ಟು ಬೆರಳು ಇನ್ನೂ ಬಲಿಯದ ಕೂಸುಗಳ ಬಗ್ಗೆ ಈ ಪ್ರಶ್ನೆ! ಶಾಲೆಯ ಕರಪತ್ರದ ಮುಖಪುಟದಲ್ಲಿ ಮಾತ್ರ ಮಕ್ಕಳು ಇವತ್ತಿಗೂ ಹಾರುತ್ತಿದ್ದಾರೆ. ಹಾರಿಸುತ್ತಿದ್ದ ಆಯಮ್ಮನ ಕೈಯೊಂದು ಅಂಚಿನಲ್ಲಿ ಕಾಣುತ್ತದೆ. ಮಿಕ್ಕಿದ್ದನ್ನು ಕತ್ತರಿಸಿ ಬಿಸಾಕಿದ್ದಾರೆ.

ಕಳೆದ ವಾರದ ಸಭೆಯಲ್ಲಿ ಅಪ್ಪ-ಅಮ್ಮಂದಿರಿಗೆ ಮಕ್ಕಳ ಕುರ್ಚಿಗಳನ್ನೇ ಹಾಕಿದ್ದರು. ಇಪ್ಪತ್ತು ನಿಮಿಷಕ್ಕೆ ಒಬ್ಬರು ಸೊಂಟ ಹಿಡಿದು ಎದ್ದರು, ಇನ್ನೊಬ್ಬರು ಕಾಲು ಕೊಡವಿದರು. ಬಾಗಿಲಲ್ಲಿದ್ದ ಆಯಮ್ಮ ತಡೆಯಲಾರದೆ ಕೇಳಿದರು: "ಯಾಕ್ ಸಾರ್, ಎದ್ದುಬಿಟ್ರಿ? ಇನ್ನೂ ಅರ್ಧ ಪುಟಾನೂ ಆಗಿಲ್ವಲ್ಲ!"

ಎಲ್ಲರೂ ನಕ್ಕರು. ನಕ್ಕು, ಮಕ್ಕಳ ಬಿಡುವನ್ನು ತೆಗೆದುಹಾಕಲು ಒಪ್ಪಿ ಕೈ ಎತ್ತಿದರು.

"ಮುಖ್ಯ ಮೇಡಂ 'ನೀನು ಆಯಾ, ಟೀಚರ್ ಅಲ್ಲ' ಅಂದ್ರು. ಸರಿಯಮ್ಮ, ನಾನು ಓದಿದೋಳಲ್ಲ. ಕೂತೂ ಕೂತೂ ತಲೆಕೆಟ್ಟು ಈ ಮಕ್ಳು ಪಕ್ಕದ ಮಗೂನ ಕಚ್ಚಿದಾಗ ಬಿಡಿಸೋಳು ಯಾರು? ಪೆನ್ಸಿಲ್ ಹಿಡಿದು ಅಳೋ ಕೂಸನ್ನ ಎತ್ಕೊಳ್ಳೋಳು ಯಾರು?" ಎನ್ನುತ್ತಾ ಆಯಮ್ಮ ಸಿಟ್ಟಿನಿಂದ ಟೇಪನ್ನು ಸರಕ್ಕನೆ ಹರಿಯುತ್ತಾರೆ.

ಹಾಗಾದರೆ ಸೋಮವಾರ ಏನು ಮಾಡುತ್ತಾರೆ? ಹೊಸ ವೇಳಾಪಟ್ಟಿಯಲ್ಲೂ ಕೈ ತೊಳೆಯುವ ಸಮಯ ಮೂರು ಸಲ ಉಳಿದಿದೆ. ಅದನ್ನು ತೆಗೆಯಲು ಯಾರಿಗೂ ಧೈರ್ಯವಾಗಿಲ್ಲ. ನಲ್ಲಿ ಇರುವುದು ಕಾರಿಡಾರಿನ ಆ ತುದಿಗೆ.

"ಕರ್ಕೊಂಡು ಹೋಗೋ ಕೆಲಸ ನಂದೇ ತಾನೆ? ಕಪ್ಪೆ ಥರ ಕುಪ್ಪಳಿಸ್ಕೊಂಡು ಹೋದ್ರೆ ಯಾರಪ್ಪನ ಗಂಟು ಹೋಗುತ್ತೆ?"